ಟರ್ಮಿನಲ್‌ನಿಂದಲೇ ದೂರದ ವಿಂಡೋಸ್ ಪರದೆಗೆ: ಫ್ರೀಆರ್‌ಡಿಪಿ ಬಳಸುವ ಬಗೆ

ಲಿನಕ್ಸ್ ಯಂತ್ರದ ಮುಂದೆ ಕುಳಿತು ಕಚೇರಿಯ ವಿಂಡೋಸ್ ಕಂಪ್ಯೂಟರಿನ ಪರದೆಯನ್ನು ತೆರೆಯಬೇಕಾದಾಗ ಹೆಚ್ಚಿನವರು ರೆಮ್ಮಿನಾದಂಥ, ಮೆನು ಮತ್ತು ಗುಂಡಿಗಳಿರುವ ತಂತ್ರಾಂಶವನ್ನು ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಪರ್ಕ ಸಿಗದಿದ್ದಾಗ ಅಂಥ ತಂತ್ರಾಂಶಗಳು ಒಂದು ಸಾಲಿನ ವಿಷಾದ ಸೂಚಿಸಿ ಸುಮ್ಮನಾಗುತ್ತವೆ. ಎಲ್ಲಿ ತಡೆಯಾಯಿತು ಎಂಬುದು ತಿಳಿಯುವುದಿಲ್ಲ. ರೆಮ್ಮಿನಾ ಒಳಗೊಳಗೇ ನೆಚ್ಚಿಕೊಂಡಿರುವುದು ಫ್ರೀಆರ್‌ಡಿಪಿ ಎಂಬ ಲೈಬ್ರರಿಯನ್ನು. ಅದೇ ಯೋಜನೆಯ ಕಮಾಂಡ್ ಲೈನ್ ಕ್ಲೈಂಟ್ ಅನ್ನು, ಅಂದರೆ ಕಮಾಂಡ್ ಟೈಪ್ ಮಾಡಿ ಸಂಪರ್ಕ ಕಟ್ಟುವ ತಂತ್ರಾಂಶವನ್ನು, ನೇರವಾಗಿ ಬಳಸಿದರೆ ತಡೆ ಜಾಲದಲ್ಲಿದೆಯೋ, ಪ್ರಮಾಣಪತ್ರದಲ್ಲಿದೆಯೋ (ಆ ಯಂತ್ರ ತನ್ನ ಗುರುತಿಗೆಂದು ತೋರಿಸುವ ಡಿಜಿಟಲ್ ಪತ್ರ), ಪಾಸ್‌ವರ್ಡಿನಲ್ಲಿದೆಯೋ ಎಂಬುದು ಟರ್ಮಿನಲ್‌ನಲ್ಲಿಯೇ ಕಾಣಿಸುತ್ತದೆ. ಈ ಬರಹ ಆ ಕ್ಲೈಂಟ್ ಕುರಿತದ್ದು.

ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲ್, ಅಂದರೆ ಆರ್‌ಡಿಪಿ, ಮೈಕ್ರೋಸಾಫ್ಟ್ ರೂಪಿಸಿದ ಸಂವಹನ ಕ್ರಮ. ಲಿನಕ್ಸ್‌ನಲ್ಲಿ ಬಹುಕಾಲ ಇದಕ್ಕೆ ಆರ್‌ಡೆಸ್ಕ್‌ಟಾಪ್ ಎಂಬ ಕ್ಲೈಂಟ್ ಬಳಕೆಯಲ್ಲಿತ್ತು. 2009ರಲ್ಲಿ ಅದರಿಂದ ಕವಲೊಡೆದು ಬಂದದ್ದು ಫ್ರೀಆರ್‌ಡಿಪಿ. ಇದರ ಎರಡನೆಯ ಮುಖ್ಯ ಆವೃತ್ತಿ 2020ರಲ್ಲಿಯೂ ಮೂರನೆಯದು 2023ರ ಕೊನೆಯಲ್ಲಿಯೂ ಬಿಡುಗಡೆಯಾದವು. ಎರಡರ ನಡುವೆ ಕೆಲವು ಆಯ್ಕೆಗಳ ಹೆಸರು ಬದಲಾಗಿರುವುದರಿಂದ ಹಳೆಯ ಸೂಚನೆಗಳನ್ನು ಹಾಗೆಯೇ ನಕಲು ಮಾಡಿದವರು ಎಡವುವುದುಂಟು.

ಮುಂದುವರಿಯುವ ಮೊದಲು ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು, ಫೋನಿನಲ್ಲಿ ಒಬ್ಬರಿಗೆ ಓದಿ ಹೇಳುವಂತೆ, ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಓರೆಗೆರೆ, ಕೋಲನ್, ಅಲ್ಪವಿರಾಮ, ಅಂಕಿಗಳು ಇದ್ದಂತೆಯೇ ಇರಲಿ. ಓರೆಗೆರೆಯ ಮುಂದಿರುವ ಒಂಟಿ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರದ ಹೆಸರೆಂದು ಓದಿಕೊಳ್ಳಿ.

ಮೊದಲು ಆ ತುದಿಯ ಸಿದ್ಧತೆ. ವಿಂಡೋಸ್‌ನ ಹೋಮ್ ಆವೃತ್ತಿ ಆರ್‌ಡಿಪಿ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಪ್ರೊ, ಎಂಟರ್‌ಪ್ರೈಸ್ ಅಥವಾ ಸರ್ವರ್ ಆವೃತ್ತಿ ಬೇಕು. ಅರ್ಧ ದಿನ ಕಮಾಂಡ್ ತಿದ್ದಿ ತಿದ್ದಿ ಕೊನೆಗೆ ಇದು ಗೊತ್ತಾಗುವುದು ಬೇಸರದ ಸಂಗತಿ, ಆದ್ದರಿಂದ ಮೊದಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಅನ್ನು ಆನ್ ಮಾಡಿ, ನಿಮ್ಮ ಖಾತೆ ನಿರ್ವಾಹಕ ಖಾತೆಯಲ್ಲದಿದ್ದರೆ ಅದನ್ನು ರಿಮೋಟ್ ಡೆಸ್ಕ್‌ಟಾಪ್ ಬಳಕೆದಾರರ ಪಟ್ಟಿಗೆ ಸೇರಿಸಿ. ಪಾಸ್‌ವರ್ಡ್ ಇಲ್ಲದ ಖಾತೆಗೆ ದೂರದಿಂದ ಪ್ರವೇಶವಿಲ್ಲ. ಪ್ರತಿದಿನ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವವರು ಆ ಪಿನ್ ಇಲ್ಲಿ ನಡೆಯುವುದಿಲ್ಲವೆಂಬುದನ್ನು ನೆನಪಿಡಬೇಕು. ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು.

ಇನ್ನು ಈ ತುದಿ. ಡೆಬಿಯನ್ 12ರಲ್ಲಿ ಪ್ಯಾಕೇಜಿನ ಹೆಸರು ಫ್ರೀಆರ್‌ಡಿಪಿ2-ಎಕ್ಸ್11, ಡೆಬಿಯನ್ 13ರಲ್ಲಿ ಫ್ರೀಆರ್‌ಡಿಪಿ3-ಎಕ್ಸ್11. ಫೆಡೋರಾದಲ್ಲಿ ಬರೀ ಫ್ರೀಆರ್‌ಡಿಪಿ. ಡೆಬಿಯನ್ 13 ಅಥವಾ ಹೊಸ ಉಬುಂಟು ಬಳಸುವವರು ಹೀಗೆ ಸ್ಥಾಪಿಸಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ ಫ್ರೀಆರ್‌ಡಿಪಿ3-ಎಕ್ಸ್11

ಸ್ಥಾಪನೆಯಾದ ಮೇಲೆ ಕಮಾಂಡಿನ ಹೆಸರು ಎರಡನೆಯ ಆವೃತ್ತಿಯಲ್ಲಿ ಎಕ್ಸ್‌ಫ್ರೀಆರ್‌ಡಿಪಿ. ಡೆಬಿಯನ್‌ನ ಮೂರನೆಯ ಆವೃತ್ತಿಯ ಪ್ಯಾಕೇಜಿನಲ್ಲಿ ಅದರ ತುದಿಗೆ 3 ಸೇರುತ್ತದೆ. ಯಾವುದಿದೆ ಎಂದು ಸಂಶಯವಿದ್ದರೆ ಕಮಾಂಡಿನ ಮುಂದೆ /ವರ್ಷನ್ ಎಂದು ಬರೆದು ನೋಡಿ.

ಕ್ಲೈಂಟ್ ಅನ್ನು ಓಡಿಸುವ ಮೊದಲೇ ದಾರಿ ತೆರೆದಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಪಿಂಗ್ ಇದಕ್ಕೆ ನಂಬಲರ್ಹವಲ್ಲ, ಏಕೆಂದರೆ ವಿಂಡೋಸ್‌ನ ಫೈರ್‌ವಾಲ್ ಅದಕ್ಕೆ ಉತ್ತರ ಕೊಡದೆ ಇರಬಹುದು. ಆರ್‌ಡಿಪಿ ಕೇಳುವುದು 3389ನೆಯ ಪೋರ್ಟಿನಲ್ಲಿ, ಅದನ್ನೇ ತಟ್ಟಬೇಕು:

ಎನ್‌ಸಿ -ಝಡ್‌ವಿ 192.168.1.25 3389

ಇಲ್ಲಿ ಎನ್‌ಸಿ ಎಂದರೆ ನೆಟ್‌ಕ್ಯಾಟ್. ಸಕ್ಸೀಡೆಡ್ ಎಂಬ ಉತ್ತರ ಬಂದರೆ ಜಾಲದ ಚಿಂತೆ ಮುಗಿಯಿತು. ಕೂಡಲೇ ನಿರಾಕರಣೆ ಬಂದರೆ ಯಂತ್ರದವರೆಗೆ ತಲುಪಿದ್ದೀರಿ, ಆದರೆ ಅಲ್ಲಿ ಸೇವೆ ನಡೆಯುತ್ತಿಲ್ಲ. ಏನೂ ಹೇಳದೆ ಬಹಳ ಹೊತ್ತು ಕಾಯಿಸಿದರೆ ನಡುವಿನ ಯಾವುದೋ ಫೈರ್‌ವಾಲ್ ತಡೆಯುತ್ತಿದೆ, ಅಥವಾ ಆ ಯಂತ್ರ ನಿದ್ರಾಸ್ಥಿತಿಗೆ ಹೋಗಿದೆ. ಎರಡನೆಯದನ್ನು ಜನ ಮರೆಯುವುದೇ ಹೆಚ್ಚು. ಕಚೇರಿಯ ಯಂತ್ರದ ಪವರ್ ಸೆಟ್ಟಿಂಗ್‌ನಲ್ಲಿ ನಿದ್ರೆಯನ್ನು ಆಫ್ ಮಾಡದೆ ಮನೆಗೆ ಬಂದರೆ ಇಲ್ಲಿಂದ ಏನು ಮಾಡಿದರೂ ಅದು ಏಳುವುದಿಲ್ಲ.

ಈಗ ಮೊದಲ ಸಂಪರ್ಕ:

ಎಕ್ಸ್‌ಫ್ರೀಆರ್‌ಡಿಪಿ3 /ವಿ:192.168.1.25 /ಯು:ಲತಾ

ವಿ ಎಂಬುದು ಸರ್ವರ್‌ನ ವಿಳಾಸ, ಯು ಎಂಬುದು ಬಳಕೆದಾರರ ಹೆಸರು. ಪೋರ್ಟ್ ಬೇರೆಯಾಗಿದ್ದರೆ ವಿಳಾಸದ ಮುಂದೆ ಇನ್ನೊಂದು ಕೋಲನ್ ಹಾಕಿ ಬರೆಯಬಹುದು. ಕಚೇರಿಯಲ್ಲಿ ಡೊಮೇನ್ ವ್ಯವಸ್ಥೆ (ಎಲ್ಲರ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಏರ್ಪಾಡು) ಇದ್ದರೆ /ಡಿ: ಎಂದು ಅದರ ಹೆಸರನ್ನು ಸೇರಿಸಬೇಕು, ಇಲ್ಲದಿದ್ದರೆ, ಡೊಮೇನ್ ಕೇಳಿದಾಗ ಬರೀ ಎಂಟರ್ ಒತ್ತಿದರೆ ಸಾಕು.

ಮೊದಲ ಸಲ ಎಂಟರ್ ಒತ್ತಿದಾಗ ಪರದೆಯ ಬದಲು ಒಂದು ಎಚ್ಚರಿಕೆ ಎದುರಾಗುತ್ತದೆ. ಪ್ರಮಾಣಪತ್ರದ ಹೆಸರು, ಅದನ್ನು ಕೊಟ್ಟವರು, ಒಂದು ಉದ್ದನೆಯ ಬೆರಳಚ್ಚು (ಪ್ರಮಾಣಪತ್ರದಿಂದ ಲೆಕ್ಕಹಾಕಿ ತೆಗೆದ ಗುರುತಿನ ಅಕ್ಷರಸಾಲು), ಕೊನೆಯಲ್ಲಿ ಇದನ್ನು ನಂಬುತ್ತೀರಾ ಎಂಬ ಪ್ರಶ್ನೆ. ಅದಕ್ಕೆ ಮೂರು ಉತ್ತರಗಳಿವೆ: ವೈ ಒತ್ತಿದರೆ ಶಾಶ್ವತವಾಗಿ ನಂಬಿದಂತೆ, ಟಿ ಒತ್ತಿದರೆ ಈ ಸಲಕ್ಕೆ ಮಾತ್ರ, ಎನ್ ಒತ್ತಿದರೆ ಇಲ್ಲ. ವಿಂಡೋಸ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಈ ಪ್ರಶ್ನೆ ಏಳುತ್ತದೆ. ಅಪಾಯವಿದೆ ಎಂದೇ ಇದರ ಅರ್ಥವಲ್ಲ. ಬೆರಳಚ್ಚನ್ನು ತಾಳೆ ನೋಡಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ವಿಂಡೋಸ್‌ನ ಪ್ರಮಾಣಪತ್ರದ ವಿಂಡೋ ತೋರಿಸುವುದು ಎಸ್‌ಎಚ್‌ಎ-1 ಲೆಕ್ಕದ ಬೆರಳಚ್ಚು, ಫ್ರೀಆರ್‌ಡಿಪಿ ತೋರಿಸುವುದು ಎಸ್‌ಎಚ್‌ಎ-256 ಲೆಕ್ಕದ್ದು. ಎರಡೂ ಸರಿಯಿದ್ದರೂ ಅಕ್ಷರಗಳು ಹೊಂದುವುದಿಲ್ಲ. ಇದಕ್ಕಿಂತ ಸುಲಭದ ದಾರಿಯೆಂದರೆ ಲ್ಯಾಪ್‌ಟಾಪನ್ನು ಕಚೇರಿಗೆ ಒಯ್ದು, ಅಲ್ಲಿನ ಜಾಲದೊಳಗಿಂದಲೇ ಮೊದಲ ಸಂಪರ್ಕ ಮಾಡಿ ವೈ ಒತ್ತಿ ಬರುವುದು. ನಂತರ ಹೊರಗಿನಿಂದ ಬಂದಾಗ ಅದೇ ಪ್ರಮಾಣಪತ್ರ ಸಿಕ್ಕರೆ ಕ್ಲೈಂಟ್ ಸುಮ್ಮನೆ ಒಳಗೆ ಬಿಡುತ್ತದೆ. ಬೇರೆಯದು ಸಿಕ್ಕರೆ ಕೂಗಿ ಹೇಳುತ್ತದೆ. ವಿಂಡೋಸ್ ಈ ಪ್ರಮಾಣಪತ್ರವನ್ನು ಸುಮಾರು 6 ತಿಂಗಳಿಗೊಮ್ಮೆ ಹೊಸದಾಗಿ ಮಾಡಿಕೊಳ್ಳುವುದರಿಂದ ಅಂಥ ಕೂಗು ವರ್ಷಕ್ಕೆ ಒಂದೆರಡು ಸಲ ಸಹಜವಾಗಿಯೇ ಕೇಳಿಸೀತು. ಕಾರಣವಿಲ್ಲದೆ ವಾರಕ್ಕೊಮ್ಮೆ ಕೇಳಿಸಿದರೆ ಮಾತ್ರ ನಿಂತು ಯೋಚಿಸಬೇಕು.

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು /ಸರ್ಟ್:ಇಗ್ನೋರ್ ಎಂಬ ಆಯ್ಕೆಯಿದೆ. ಬಹಳ ಕಡೆ ಅದನ್ನು ಮಂತ್ರದಂತೆ ಮೊದಲ ಸಾಲಿನಲ್ಲಿಯೇ ಬರೆದಿರುತ್ತಾರೆ. ಪ್ರಯೋಗಕ್ಕೆಂದು ಇಟ್ಟ ಯಂತ್ರವೊಂದನ್ನು ಬಿಟ್ಟರೆ ಬೇರೆಲ್ಲಿಯೂ ಅದನ್ನು ಬಳಸಬೇಡಿ. ನಡುವೆ ಯಾರೋ ನಿಂತು ಆ ಯಂತ್ರದಂತೆ ನಟಿಸಿದರೂ ಕ್ಲೈಂಟ್ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತದೆ. ಅದರ ಬದಲು /ಸರ್ಟ್:ಟೋಫು ಎಂದು ಬರೆದರೆ ಮೊದಲ ಸಲದ್ದನ್ನು ನಂಬಿ, ಮುಂದೆ ಬದಲಾದಾಗ ಎಚ್ಚರಿಸುತ್ತದೆ.

ಪಾಸ್‌ವರ್ಡನ್ನು /ಪಿ: ಎಂದು ಅದೇ ಸಾಲಿನಲ್ಲಿ ಕೊಡಲು ಅವಕಾಶವಿದೆ, ಆದರೆ ಕೊಡದಿರುವುದೇ ಲೇಸು. ಸಾಲು ಶೆಲ್‌ನ (ಟರ್ಮಿನಲ್‌ನಲ್ಲಿ ಕಮಾಂಡ್‌ಗಳನ್ನು ಓದಿ ನಡೆಸುವ ತಂತ್ರಾಂಶದ) ಇತಿಹಾಸದ ಫೈಲಿನಲ್ಲಿ ಉಳಿದುಬಿಡುತ್ತದೆ. ಇನ್ನೊಂದು ತೊಂದರೆ ನನಗೇ ಆದದ್ದು. ನನ್ನ ಪಾಸ್‌ವರ್ಡಿನ ನಡುವೆ ಡಾಲರ್ ಚಿಹ್ನೆಯಿತ್ತು. ಸಾಲಿನಲ್ಲಿಯೇ ಬರೆದು ಎಂಟರ್ ಒತ್ತಿದೆ. ಲಾಗಾನ್ ವಿಫಲ ಎಂದಿತು. ಬೆರಳು ತಪ್ಪಿರಬೇಕೆಂದು ಮೇಲಿನ ಬಾಣದ ಕೀಲಿ ಒತ್ತಿ ಅದೇ ಸಾಲನ್ನು ಮತ್ತೆ ಮತ್ತೆ ಕಳಿಸಿದೆ. ಡಾಲರ್ ಚಿಹ್ನೆಯಿಂದ ಮುಂದಿನ ಅಕ್ಷರಗಳನ್ನು ಶೆಲ್ ಒಂದು ವೇರಿಯೇಬಲ್ ಹೆಸರೆಂದು ತಿಳಿದು ಖಾಲಿ ಮಾಡುತ್ತಿತ್ತು. ಅರ್ಧ ಪಾಸ್‌ವರ್ಡ್ ಮಾತ್ರ ಆ ತುದಿ ತಲುಪುತ್ತಿತ್ತು. ಐದನೆಯ ಸಲಕ್ಕೆ ಖಾತೆಯೇ ಲಾಕ್ ಆಗಿ, ಬೆಳಿಗ್ಗೆಯವರೆಗೆ ಕಾಯಬೇಕಾಯಿತು. ಬ್ಯಾಶ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆಗೂ ಇಂಥದೇ ವಿಶೇಷಾರ್ಥವಿದೆ. ಡೊಮೇನ್ ಮತ್ತು ಹೆಸರಿನ ನಡುವೆ ಬರುವ ಹಿಂದೋರೆಯನ್ನಂತೂ ಶೆಲ್ ಸದ್ದಿಲ್ಲದೆ ನುಂಗುತ್ತದೆ; ಅಂಥ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಪಾಸ್‌ವರ್ಡನ್ನು ಸಾಲಿನಲ್ಲಿ ಬರೆಯದೆ ಬಿಟ್ಟರೆ ಕ್ಲೈಂಟ್ ತಾನೇ ಕೇಳುತ್ತದೆ, ಆಗ ಟೈಪ್ ಮಾಡಿದ್ದನ್ನು ಶೆಲ್ ಮುಟ್ಟುವುದಿಲ್ಲ.

ವಿಫಲವಾದಾಗ ಟರ್ಮಿನಲ್‌ನಲ್ಲಿ ಹರಿದುಹೋಗುವ ಸಾಲುಗಳ ನಡುವೆ ಎರ್‌ಕನೆಕ್ಟ್ ಎಂದು ಆರಂಭವಾಗುವ ದೊಡ್ಡಕ್ಷರದ ಪದವನ್ನು ಹುಡುಕಿ. ಅದರ ಬಾಲದಲ್ಲಿ ಡಿಎನ್‌ಎಸ್ ನೇಮ್ ನಾಟ್ ಫೌಂಡ್ ಎಂದಿದ್ದರೆ ಯಂತ್ರದ ಹೆಸರು ವಿಳಾಸವಾಗಿ ಬದಲಾಗಲಿಲ್ಲ. ಅಂಕಿಯ ವಿಳಾಸ ಕೊಟ್ಟು ನೋಡಿ. ಟ್ರಾನ್ಸ್‌ಪೋರ್ಟ್ ಫೇಲ್ಡ್ ಎಂದರೆ ಸಂಪರ್ಕದ ಆರಂಭವೇ ಕೆಟ್ಟಿದೆ. ಲಾಗಾನ್ ಫೇಲ್ಯೂರ್ ಎಂದರೆ ಜಾಲವೂ ಪ್ರಮಾಣಪತ್ರವೂ ಸರಿಯಿವೆ, ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಅಕೌಂಟ್ ಲಾಕ್ಡ್ ಔಟ್ ಎಂದರೆ ಏನೆಂದು ಮೇಲೆಯೇ ಹೇಳಿದ್ದೇನೆ. ಇದಕ್ಕಿಂತ ಹೆಚ್ಚು ವಿವರ ಬೇಕಾದರೆ /ಲಾಗ್-ಲೆವೆಲ್:ಡೀಬಗ್ ಸೇರಿಸಬಹುದು.

ಒಳಗೆ ಹೋದ ಮೇಲೆ ಪರದೆ ಚಿಕ್ಕದಾಗಿ ಕಾಣುವುದು ಮೊದಲ ದೂರು. /ಎಫ್ ಎಂದರೆ ಪೂರ್ಣ ಪರದೆ. ಅದರಿಂದ ಹೊರಬರಲು ಕಂಟ್ರೋಲ್, ಆಲ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಇದನ್ನು ತಿಳಿಯದೆ ಯಂತ್ರವನ್ನೇ ರೀಸ್ಟಾರ್ಟ್ ಮಾಡಿದವರನ್ನು ಕಂಡಿದ್ದೇನೆ. ನಿಗದಿತ ಅಳತೆ ಬೇಕಾದರೆ /ಸೈಜ್:1366x768 ಎಂಬಂತೆ ಬರೆಯಿರಿ. ನನಗೆ ಹಿಡಿಸಿದ್ದು /ಡೈನಾಮಿಕ್-ರೆಸೊಲ್ಯೂಷನ್; ವಿಂಡೋವನ್ನು ಮೌಸ್‌ನಿಂದ ಎಳೆದಂತೆ ಒಳಗಿನ ಡೆಸ್ಕ್‌ಟಾಪ್ ಕೂಡ ತನ್ನ ಅಳತೆಯನ್ನು ಬದಲಿಸಿಕೊಳ್ಳುತ್ತದೆ. ಎರಡೂ ಕಡೆ ಕಾಪಿ, ಪೇಸ್ಟ್ ಮಾಡಲು +ಕ್ಲಿಪ್‌ಬೋರ್ಡ್, ಧ್ವನಿಗೆ /ಸೌಂಡ್. ಫೈಲುಗಳನ್ನು ಸಾಗಿಸಲು ಇಲ್ಲಿಯ ಒಂದು ಫೋಲ್ಡರನ್ನು ಅಲ್ಲಿಗೆ ಡ್ರೈವ್‌ನಂತೆ ಒಡ್ಡಬಹುದು:

/ಡ್ರೈವ್:ಕಡತ,/ಹೋಮ್/ಲತಾ/ಕಡತ

ಅಲ್ಪವಿರಾಮದ ಹಿಂದಿರುವುದು ವಿಂಡೋಸ್‌ನಲ್ಲಿ ಕಾಣುವ ಹೆಸರು, ಮುಂದಿರುವುದು ಲಿನಕ್ಸ್‌ನ ಫೋಲ್ಡರ್. ಆ ತುದಿಯಲ್ಲಿ ದಿಸ್ ಪಿಸಿ ತೆರೆದರೆ ಸಿ ಡ್ರೈವಿನ ಜೊತೆಗೆ ಅದೂ ಇರುತ್ತದೆ. ಇಡೀ ಹೋಮ್ ಫೋಲ್ಡರನ್ನು ಒಡ್ಡದೆ ಇದಕ್ಕೆಂದೇ ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳುವುದು ಕ್ಷೇಮ; ಆ ತುದಿಯ ಯಂತ್ರಕ್ಕೆ ವೈರಸ್ ತಗುಲಿದ್ದರೆ ಅದಕ್ಕೂ ಈ ಬಾಗಿಲು ತೆರೆದೇ ಇರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಕ್ಲೈಂಟ್ ಸಾಮಾನ್ಯವಾಗಿ ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬುದನ್ನೇ ಹೊರತು ಯಾವ ಅಕ್ಷರ ಮೂಡಿತು ಎಂಬುದನ್ನಲ್ಲ. ಆದ್ದರಿಂದ ಈ ತುದಿಯ ಕೀಲಿಮಣೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಕನ್ನಡವನ್ನು ವಿಂಡೋಸ್‌ನ ಒಳಗೆ ಆರಿಸಿಕೊಳ್ಳಬೇಕು. ನುಡಿ ತಂತ್ರಾಂಶವಾಗಲಿ ವಿಂಡೋಸ್‌ನದೇ ಕನ್ನಡ ಕೀಲಿಮಣೆಯಾಗಲಿ ಅಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ. ಇಲ್ಲಿಯೂ ಕನ್ನಡ, ಅಲ್ಲಿಯೂ ಕನ್ನಡ ಎಂದು ಇಟ್ಟರೆ ಗೋಜಲಾಗುತ್ತದೆ. ಭಾಷೆ ಬದಲಿಸುವ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಜೋಡಿಯನ್ನು ಕೆಲವೊಮ್ಮೆ ಈ ತುದಿಯ ಡೆಸ್ಕ್‌ಟಾಪ್ ತಾನೇ ಹಿಡಿದುಕೊಳ್ಳುವುದುಂಟು. ಆಗ ಟಾಸ್ಕ್‌ಬಾರಿನ ಭಾಷೆಯ ಗುರುತನ್ನು ಮೌಸ್‌ನಿಂದ ಒತ್ತಿ. ಇನ್ನು, ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಕಡತದಿಂದ ಕಾಪಿ ಮಾಡಿ ಲಿನಕ್ಸ್‌ಗೆ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಬೀಳುತ್ತವೆ. ಅದು ಕ್ಲಿಪ್‌ಬೋರ್ಡಿನ ದೋಷವಲ್ಲ. ಆ ಪಠ್ಯ ಒಳಗೆ ಇರುವುದೇ ಹಾಗೆ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು ಅಷ್ಟೆ. ಅಲ್ಲಿಯೇ ಯೂನಿಕೋಡಿಗೆ ಪರಿವರ್ತಿಸಿ ತನ್ನಿ.

ಜಾಲ ನಿಧಾನವಿದ್ದರೆ -ವಾಲ್‌ಪೇಪರ್, -ಥೀಮ್ಸ್, /ಬಿಪಿಪಿ:16 (ಬಣ್ಣದ ಆಳ 16 ಬಿಟ್) ಇವು ಹೊರೆಯನ್ನು ಇಳಿಸುತ್ತವೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವಾಗ ವ್ಯತ್ಯಾಸ ತಿಳಿಯುತ್ತದೆ.

ಮನೆಯಿಂದ ಕಚೇರಿಗೆ ತಲುಪಲು ರೂಟರಿನಲ್ಲಿ 3389ನೆಯ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡುವುದನ್ನು ಮಾತ್ರ ಮಾಡಬೇಡಿ. 2019ರ ಮೇ ತಿಂಗಳಿನಲ್ಲಿ ಬ್ಲೂಕೀಪ್ ಎಂಬ ಲೋಪ ಹೊರಬಂದಾಗ, ಪಾಸ್‌ವರ್ಡೇ ಇಲ್ಲದೆ ಆರ್‌ಡಿಪಿ ಮೂಲಕ ಯಂತ್ರವನ್ನು ವಶಪಡಿಸಿಕೊಳ್ಳುವ ಸಾಧ್ಯತೆಯಿದ್ದುದರಿಂದ, ಬೆಂಬಲ ನಿಂತುಹೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ಕಚೇರಿಯ ವಿಪಿಎನ್ ಇದ್ದರೆ ಅದರೊಳಗಿಂದ ಹೋಗಿ. ಇಲ್ಲದೆ, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ನಡೆಯುವ ಸಂಪರ್ಕ) ಪ್ರವೇಶವಿರುವ ಲಿನಕ್ಸ್ ಯಂತ್ರವೊಂದು ಅಲ್ಲಿದ್ದರೆ ಅದರ ಮೂಲಕ ಸುರಂಗ ತೋಡಬಹುದು. ಮೊದಲ ಟರ್ಮಿನಲ್‌ನಲ್ಲಿ:

ಎಸ್‌ಎಸ್‌ಎಚ್ -ಎನ್ -ಎಲ್ 3390:192.168.1.25:3389 ಲತಾ@ದ್ವಾರದ-ವಿಳಾಸ

ಇಲ್ಲಿ ಎನ್ ಮತ್ತು ಎಲ್ ಎರಡೂ ದೊಡ್ಡಕ್ಷರಗಳು. ದ್ವಾರದ-ವಿಳಾಸ ಎಂದಿರುವಲ್ಲಿ ಆ ಲಿನಕ್ಸ್ ಯಂತ್ರದ ವಿಳಾಸ ಬರೆಯಿರಿ. ಎರಡನೆಯ ಟರ್ಮಿನಲ್‌ನಲ್ಲಿ:

ಎಕ್ಸ್‌ಫ್ರೀಆರ್‌ಡಿಪಿ3 /ವಿ:ಲೋಕಲ್‌ಹೋಸ್ಟ್:3390 /ಯು:ಲತಾ /ಡೈನಾಮಿಕ್-ರೆಸೊಲ್ಯೂಷನ್ +ಕ್ಲಿಪ್‌ಬೋರ್ಡ್

ವಿಳಾಸ ಬದಲಾದದ್ದರಿಂದ ಪ್ರಮಾಣಪತ್ರದ ಪ್ರಶ್ನೆ ಮತ್ತೊಮ್ಮೆ ಏಳುತ್ತದೆ, ಗಾಬರಿ ಬೇಡ. ಮೊದಲು ನೋಡಿದ ಬೆರಳಚ್ಚನ್ನು ಬರೆದಿಟ್ಟುಕೊಂಡಿದ್ದರೆ ಈಗ ಅದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎರಡೂ ಒಂದೇ ಲೆಕ್ಕದವು.

ಸಾಲು ಒಮ್ಮೆ ಸರಿಹೋದ ಮೇಲೆ ಅದನ್ನು ಒಂದು ಸಣ್ಣ ಶೆಲ್ ಸ್ಕ್ರಿಪ್ಟಿನಲ್ಲಿ, ಪಾಸ್‌ವರ್ಡ್ ಇಲ್ಲದೆ, ಬರೆದಿಟ್ಟುಕೊಳ್ಳಿ. ಮುಂದಿನ ಸಲ ಫೈಲಿನ ಹೆಸರು ಟೈಪ್ ಮಾಡಿದರೆ ಸಾಕು. ಗ್ನೋಮ್ ಡೆಸ್ಕ್‌ಟಾಪ್ ಕೂಡ ಆರ್‌ಡಿಪಿ ಮೂಲಕ ತನ್ನ ಪರದೆಯನ್ನು ಹಂಚಬಲ್ಲದಾದ್ದರಿಂದ ಲಿನಕ್ಸ್ ಯಂತ್ರಗಳಿಗೂ ಇದೇ ಕಮಾಂಡ್ ನಡೆಯುತ್ತದೆ.

ಕೆಲಸ ಮುಗಿದಾಗ ವಿಂಡೋವನ್ನು ಮುಚ್ಚುವುದಕ್ಕೂ ಸೈನ್ ಔಟ್ ಮಾಡುವುದಕ್ಕೂ ವ್ಯತ್ಯಾಸವಿದೆ. ಮುಚ್ಚಿದರೆ ಸಂಪರ್ಕ ಮಾತ್ರ ಕಡಿಯುತ್ತದೆ. ಅಲ್ಲಿ ತೆರೆದಿಟ್ಟ ಕಡತಗಳು, ಓಡುತ್ತಿರುವ ಕೆಲಸಗಳು ಹಾಗೆಯೇ ಇರುತ್ತವೆ, ಬೆಳಿಗ್ಗೆ ಕಚೇರಿಗೆ ಹೋಗಿ ಲಾಗಿನ್ ಆದರೆ ರಾತ್ರಿ ಬಿಟ್ಟ ಸಾಲಿನ ಮೇಲೆಯೇ ಕರ್ಸರ್ ಮಿಣುಕುತ್ತಿರುತ್ತದೆ. ನಿಮ್ಮೊಬ್ಬರದೇ ಯಂತ್ರವಾದರೆ ಇದು ಅನುಕೂಲ. ಹಲವರು ಹಂಚಿಕೊಂಡ ಸರ್ವರ್ ಆದರೆ ನಿರ್ವಹಣೆಗೆಂದು ಏಕಕಾಲಕ್ಕೆ 2 ಸೆಷನ್‌ಗಳಿಗೆ ಮಾತ್ರ ಅವಕಾಶವಿರುವುದು ಸಾಮಾನ್ಯ. ಹಾಗೆಯೇ ಮುಚ್ಚಿ ಹೋದವರಿಬ್ಬರಿದ್ದರೆ ಮೂರನೆಯವರು ಹೊರಗೆ ನಿಲ್ಲಬೇಕಾಗುತ್ತದೆ. ಅಲ್ಲಿ ಸ್ಟಾರ್ಟ್ ಮೆನುವಿಗೆ ಹೋಗಿ ಸೈನ್ ಔಟ್ ಮಾಡಿಯೇ ಹೊರಬನ್ನಿ.