ಹೈಬ್ರಿಡ್ಡೋ ಡೀಸೆಲ್ಲೋ, ಘಾಟಿ ಹತ್ತಿಸಿ ನೋಡಿ

ಶೋರೂಮ್ ಟೆಸ್ಟ್ ಡ್ರೈವ್ ಹೇಗಿರತ್ತೆ ಗೊತ್ತಲ್ಲ, ಪಕ್ಕದಲ್ಲಿ ಒಬ್ಬ ಹುಡುಗ ಕೂತ್ಕೊಂಡು "ಸಾರ್, ಮುಂದೆ ಯೂ ಟರ್ನ್ ತಗೊಳಿ" ಅಂತಾನೆ, ನಾಲ್ಕು ಕಿಲೋಮೀಟರ್, ಮೂರು ಸಿಗ್ನಲ್, ಮುಗೀತು. ಆ ರೂಟಲ್ಲಿ ಯಾವ ಡೀಸೆಲ್ ತಂದು ನಿಲ್ಲಿಸಿದ್ರೂ ಹೈಬ್ರಿಡ್ಡೇ ಗೆಲ್ಲೋದು, ಅಂದ್ರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರೋ ಕಾರು. ಸಿಗ್ನಲ್ ಬಿಟ್ಟ ತಕ್ಷಣ ಮೋಟಾರ್ ಎಳೆಯತ್ತೆ, ಸದ್ದಿಲ್ಲ, ಗೇರ್ ಇಲ್ಲ, ನೀವು ಅಲ್ಲೇ ಅಡ್ವಾನ್ಸ್ ಕೊಟ್ಟು ಬರ್ತೀರ. ಓಡಿಸೋ ಮಜಾ ಬೇಕು ಅಂತ ಸ್ಪೋರ್ಟಿ ಸೆಡಾನ್ ತಗೊಳ್ಳೋರು, ಹೈಬ್ರಿಡ್ಡೋ ಡೀಸೆಲ್ಲೋ ಅಂತ ಹೀಗೆ ಹೋಲಿಸ್ಬಾರ್ದು.

ಮೊದ್ಲು ಯಾವ ಕಾರುಗಳು ಅಂತ ನೋಡೋಣ. ನಮ್ಮಲ್ಲಿ 20 ಲಕ್ಷದ ಆಸುಪಾಸಲ್ಲಿ ಹೈಬ್ರಿಡ್ ಸೆಡಾನ್ ಅಂದ್ರೆ ಹೋಂಡಾ ಸಿಟಿ ಹೈಬ್ರಿಡ್, 2022ರಲ್ಲಿ ಬಂದಿದ್ದು, 126 ಪಿಎಸ್ ಶಕ್ತಿ, ಚಕ್ರ ತಿರುಗಿಸೋ ಬಲ ಅಂದ್ರೆ ಮೋಟಾರಿಂದ 253 ಎನ್‌ಎಂ ಟಾರ್ಕ್. ಅದನ್ನ ಸ್ಪೋರ್ಟಿ ಅನ್ನೋದು ಸ್ವಲ್ಪ ಜಾಸ್ತಿನೇ ಆಯ್ತು, ಆದ್ರೆ ಇರೋದ್ರಲ್ಲಿ ಹತ್ತಿರದ್ದು. ಮೇಲಕ್ಕೆ ಹೋದ್ರೆ ಟೊಯೋಟಾ ಕ್ಯಾಮ್ರಿ, ಅದರ ಬೆಲೆ ಬೇರೆ ಲೋಕ. ಡೀಸೆಲ್ ಕಡೆ ಹೊಸದು ಬೇಕಂದ್ರೆ ಬಿಎಂಡಬ್ಲ್ಯೂ, ಬೆಂಝ್ ಅಂಗಡಿಗೇ ಹೋಗ್ಬೇಕು. 2020ರ ಏಪ್ರಿಲಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ಸ್ಕೋಡಾ, ಫೋಕ್ಸ್‌ವ್ಯಾಗನ್‌ನೋರು ಇಲ್ಲಿ ಡೀಸೆಲ್ ಬಿಟ್ಬಿಟ್ರು, 2023ರಲ್ಲಿ ವೆರ್ನಾ ಡೀಸೆಲ್ಲೂ ಸಿಟಿ ಡೀಸೆಲ್ಲೂ ಹೋಯ್ತು. ಹಾಗಾಗಿ ಈ ಹೋಲಿಕೆ ಅಂದ್ರೆ ಹೊಸ ಹೈಬ್ರಿಡ್ ಒಂದು ಕಡೆ, ಸೆಕೆಂಡ್ ಹ್ಯಾಂಡ್ ಡೀಸೆಲ್ ಇನ್ನೊಂದು ಕಡೆ. ನನ್ನ ಸ್ನೇಹಿತನ ಹತ್ರ ಹಳೇ ಸ್ಕೋಡಾ ಆಕ್ಟೇವಿಯಾ 2.0 ಟಿಡಿಐ ಡೀಸೆಲ್ ಮ್ಯಾನುಯಲ್ ಇದೆ, 143 ಪಿಎಸ್, 320 ಎನ್‌ಎಂ, ಚಿಕ್ಕಪ್ಪನ ಮಗನ ಹತ್ರ ಸಿಟಿ ಹೈಬ್ರಿಡ್, ಎರಡನ್ನೂ ಒಂದೇ ದಿನ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿಸಿದ್ವಿ. ಇಲ್ಲಿ ಬರೀತಿರೋದು ಬಹುಪಾಲು ಆ ದಿನ ಕಲಿತದ್ದು.

ಹೋಗೋ ಮುಂಚೆ ಟೈರ್ ನೋಡಿ. ಬದಿಯಲ್ಲಿ ನಾಲ್ಕಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರ ಮಾಡಿದ್ದು ಅಂತ. ಆರು ವರ್ಷದ ಗಟ್ಟಿಯಾದ ರಬ್ಬರ್ ಹಾಕ್ಕೊಂಡಿರೋ ಡೀಸೆಲ್ಲನ್ನ ಹೊಸ ಟೈರಿನ ಹೈಬ್ರಿಡ್ ಜೊತೆ ಓಡ್ಸಿ "ಹ್ಯಾಂಡ್ಲಿಂಗ್ ಚೆನ್ನಾಗಿಲ್ಲ ಗುರು" ಅಂದ್ರೆ ನೀವು ಟೈರನ್ನ ಬೈತಿದೀರ, ಕಾರನ್ನಲ್ಲ. ಗಾಳಿ ಕಂಪನಿ ಹೇಳಿದಷ್ಟೇ ಹಾಕ್ಸಿ, ಎರಡರಲ್ಲೂ ಅಷ್ಟೇ ಜನ ಕೂರಿ, ಎಸಿ ಆನ್ ಇರ್ಲಿ. ಬೆಳಿಗ್ಗೆ ಬೇಗ ಹೊರಡಿ. ಜೋರು ಮಳೆಗಾಲದಲ್ಲಂತೂ ಬೇಡವೇ ಬೇಡ, ಮಂಜಲ್ಲಿ ಎದುರಿನ ಬಸ್ಸೇ ಕಾಣಲ್ಲ.

ಸಮತಟ್ಟು ರಸ್ತೆಯಲ್ಲಿ ಒಂದೇ ಕೆಲಸ ಮಾಡಿ. ಲಾರಿ ಹಿಂದೆ 60ರಲ್ಲಿ ಹೋಗ್ತಾ ಇದ್ದು ಜಾಗ ಸಿಕ್ಕಾಗ ಓವರ್‌ಟೇಕ್ ಮಾಡಿ. ಹೈಬ್ರಿಡ್‌ನಲ್ಲಿ ಕಾಲಿಟ್ರೆ ಆಯ್ತು, ಯೋಚನೆನೇ ಬೇಡ. ಡೀಸೆಲ್‌ನಲ್ಲಿ ಮೊದ್ಲೇ 3ನೇ ಗೇರಿಗೆ ಇಳಿಸಿ ಎಂಜಿನ್ ಸುತ್ತು ತೋರ್ಸೋ ಸೂಜಿ 1800 ದಾಟಿರ್ಬೇಕು, ಅದಕ್ಕಿಂತ ಕೆಳಗಿದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋ ಇನ್ನೂ ಹಾಸಿಗೆಯಿಂದ ಎದ್ದಿರಲ್ಲ. ಇಲ್ಲೂ ಹೈಬ್ರಿಡ್ಡಿಗೇ ಮಾರ್ಕ್ಸ್, ಒಪ್ಕೋತೀನಿ.

ಘಾಟಿ ಶುರುವಾದ್ಮೇಲೆ ಆಟನೇ ಬೇರೆ.

ಸಿಟಿ ಹೈಬ್ರಿಡ್‌ನಲ್ಲಿ ಚಕ್ರ ತಿರುಗಿಸೋದು ಬಹುತೇಕ ಮೋಟಾರೇ, ಪೆಟ್ರೋಲ್ ಎಂಜಿನ್ ಹೆಚ್ಚಾಗಿ ಕರೆಂಟ್ ಮಾಡ್ತಾ ಕೂತಿರತ್ತೆ, ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ವಾಗ ಮಾತ್ರ ಕ್ಲಚ್ ಕೂಡ್ಕೊಂಡು ಎಂಜಿನ್ ನೇರ ಚಕ್ರಕ್ಕೆ ಸೇರತ್ತೆ. ಬ್ಯಾಟರಿ ಪುಟ್ಟದು, ಇವಿ ತರ ದೊಡ್ಡ ಟ್ರಂಕ್ ಅಲ್ಲ, ಲಂಚ್ ಬಾಕ್ಸ್ ಅಂದ್ಕೊಳ್ಳಿ. ಮೊದಲ ಮೂರ್ನಾಲ್ಕು ತಿರುವು ಸ್ವರ್ಗ. ಸ್ಟೀರಿಂಗ್ ನೇರ ಆಗ್ತಿದ್ದ ಹಾಗೇ ಎಳೆತ ರೆಡಿ ಇರತ್ತೆ, ಬ್ಯಾಟರಿ ಹಿಂದೆ ಡಿಕ್ಕಿ ಕೆಳಗಿರೋದ್ರಿಂದ ಮೂತಿ ಭಾರ ಅನ್ಸಲ್ಲ, ತಿರುವಿನೊಳಕ್ಕೆ ಸಲೀಸಾಗಿ ಹೋಗತ್ತೆ. ಆಮೇಲೆ ಡಿಸ್ಪ್ಲೇಲಿ ಬ್ಯಾಟರಿ ಕಡ್ಡಿಗಳನ್ನ ನೋಡ್ತಾ ಇರಿ. ಒಂದೊಂದೇ ಮಾಯ ಆಗ್ತಾ ಬರತ್ತೆ, ಎಂಜಿನ್ ಮೇಲಕ್ಕೆ ಹೋಗಿ ಅಲ್ಲೇ ನಿಂತ್ಕೊಂಡು ಕೂಗತ್ತೆ, ನೀವು 30ರಲ್ಲಿ ಇದ್ರೂ ಅದೇ ಕೂಗು 45ರಲ್ಲಿ ಇದ್ರೂ ಅದೇ ಕೂಗು, ಅಡುಗೆಮನೇಲಿ ಚಟ್ನಿ ರುಬ್ತಿರೋ ಮಿಕ್ಸಿ ತರ. ಗಾಡಿ ನಿಲ್ಲಲ್ಲ, ಹತ್ತತ್ತೆ, ಆದ್ರೆ ಕಾಲಿಗೂ ಕಿವಿಗೂ ಸಂಬಂಧ ಕಡಿದು ಹೋಗತ್ತೆ. ನನಗೆ ಮಜಾ ಹೋಗಿದ್ದು ಅಲ್ಲೇ.

ಇದಕ್ಕೆ ಒಂದು ಉಪಾಯ ಇದೆ. ತಿರುವಿಗೆ ಮುಂಚೆ ಬ್ರೇಕ್ ಗುದ್ದೋ ಬದ್ಲು ಸ್ವಲ್ಪ ಬೇಗ ಕಾಲು ತೆಗೆದು ಸ್ಟೀರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಒತ್ತಿ, ರೀಜನ್ (ಗಾಡಿ ನಿಧಾನ ಆಗ್ವಾಗ ಮೋಟಾರೇ ಕರೆಂಟ್ ಮಾಡೋದು) ಜಾಸ್ತಿ ಆಗಿ ಒಂಚೂರು ಚಾರ್ಜ್ ವಾಪಸ್ ಬರತ್ತೆ. ನೇರ ಜಾಗದಲ್ಲಿ ಪೂರ್ತಿ ಕಾಲಿಡ್ಬೇಡಿ. ಹೀಗೆ ಓಡ್ಸಿದ್ರೆ ಕೂಗು ಅರ್ಧಕ್ಕರ್ಧ ಕಮ್ಮಿ ಆಗತ್ತೆ, ಅದೂ ಒಂತರ ಆಟನೇ.

ಅದೇ ತಿರುವಿಗೆ ಆಕ್ಟೇವಿಯಾ. ಎರಡನೇ ಗೇರಲ್ಲಿ ಒಳಗೆ ಹೋಗಿ, ಹೊರಗೆ ಬರ್ವಾಗ ಸೂಜಿ 2000, ಕಾಲನ್ನ ಅರ್ಧ ಇಟ್ರೆ ಸಾಕು, ಬೆನ್ನ ಹಿಂದೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ. 3000ಕ್ಕೆ ಮೂರನೇ ಗೇರ್. ಮತ್ತೆ ಎರಡು. ಹತ್ತು ನಿಮಿಷ ಆದ್ರೂ ಅದೇ ಎಳೆತ, ಖಾಲಿ ಆಗೋ ಬ್ಯಾಟರಿ ಇಲ್ಲ. ಮುಂದೆ ಭಾರ ಇರೋದು ಮಾತ್ರ ಕೈಗೆ ಗೊತ್ತಾಗತ್ತೆ, ತಿರುವಲ್ಲಿ ಆಸೆ ಬಿದ್ರೆ ಮೂತಿ ಹೊರಕ್ಕೆ ಹೋಗತ್ತೆ, ತಾಳ್ಮೆ ಬೇಕು. ಸದ್ದೂ ಇಂಪಾಗೇನಿಲ್ಲ, ಗೇರ್ ನಾಬ್ ಸಣ್ಣಗೆ ನಡುಗ್ತಾ ಇರತ್ತೆ. ಆದ್ರೆ ಘಾಟಿ ಮೇಲಿನ ಕೊಟ್ಟಿಗೆಹಾರದಲ್ಲಿ ಇಳಿದು ನೀರ್‌ದೋಸೆ ತಿಂತಾ ಇದ್ರೆ ಮನಸ್ಸು ಕೀ ಕಡೆಗೇ ಹೋಗ್ತಿತ್ತು.

ವಾಪಸ್ ಇಳಿಯೋದನ್ನೂ ಟೆಸ್ಟ್ ಮಾಡಿ, ಜನ ಇದನ್ನ ಬಿಡ್ತಾರೆ. ಹೈಬ್ರಿಡ್ ಇಳಿಜಾರಲ್ಲಿ ಬೇಗ ಫುಲ್ ಚಾರ್ಜ್ ಆಗತ್ತೆ, ಆಮೇಲೆ ಕಾಲು ತೆಗ್ದಿದ್ರೂ ಎಂಜಿನ್ ತಾನೇ ಜೋರಾಗಿ ತಿರುಗತ್ತೆ, ಹೆಚ್ಚಾದ ಕರೆಂಟನ್ನ ಹಾಗೆ ಖರ್ಚು ಮಾಡ್ತಿದೆ ಅಷ್ಟೇ, ಗಾಬರಿ ಬೇಡ. ಡೀಸೆಲ್ಲನ್ನ ಹತ್ತಿದ ಗೇರಲ್ಲೇ ಇಳಿಸಿ, ಬ್ರೇಕ್ ವಾಸನೆ ಬರಲ್ಲ.

ಡೀಸೆಲ್ಲೇ ಅಂತ ತೀರ್ಮಾನ ಆದ್ರೆ ಬೆಳಿಗ್ಗೆ ಎಂಜಿನ್ ತಣ್ಣಗಿರ್ವಾಗ್ಲೇ ಹೋಗಿ ಸ್ಟಾರ್ಟ್ ಮಾಡಿ. ನಾನು ಒಂದು ಗಾಡಿ ನೋಡೋಕೆ ಹೋದಾಗ ಮಾರೋನು ಆಗ್ಲೇ ಬಿಸಿ ಮಾಡಿಟ್ಟಿದ್ದ, ಬಾನೆಟ್ ಮುಟ್ಟಿದ ಮೇಲೆ ಗೊತ್ತಾಯ್ತು. ಮರುದಿನ ಹೇಳದೇ ಹೋದ್ರೆ ನೀಲಿ ಹೊಗೆ, ಅಂದ್ರೆ ಎಂಜಿನ್ ಆಯಿಲ್ ಸುಡ್ತಾ ಇತ್ತು. ಐಡಲ್‌ನಲ್ಲಿ ಕ್ಲಚ್ ಒತ್ತಿ ಬಿಡಿ, ಟಕಟಕ ಅಂತ ಸದ್ದು ಬದಲಾದ್ರೆ ಫ್ಲೈವೀಲ್ (ಎಂಜಿನ್ ನಡುಕ ತಡೆಯೋ ಚಕ್ರ) ಹೋಗಿರ್ಬೋದು, ಕ್ಲಚ್ ಸೇರಿ ದೊಡ್ಡ ಖರ್ಚು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಎಸ್6 ಡೀಸೆಲ್ ಆದ್ರೆ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರತ್ತೆ, ದಿನಾ ಬೆಂಗಳೂರಿನ ಮಾರತಹಳ್ಳಿ ಟ್ರಾಫಿಕ್ಕಲ್ಲಿ ಐದೈದು ಕಿಲೋಮೀಟರ್ ಓಡ್ಸೋರಿಗೆ ಅದು ಮಸಿ ಕಟ್ಕೊಂಡು ತಲೆನೋವು, ಅಂಥೋರು ಸುಮ್ನೆ ಹೈಬ್ರಿಡ್ ತಗೊಳ್ಳಿ, ಬ್ಯಾಟರಿಗೆ 8 ವರ್ಷ ವಾರಂಟಿ ಇದೆ. ವಾರಕ್ಕೊಮ್ಮೆ ಊರಿಗೆ ಘಾಟಿ ದಾಟಿ ಹೋಗೋರ ಲೆಕ್ಕ ಬೇರೆ.

ಹಾಂ, ಹಿಂದಿನ ಸೀಟಲ್ಲಿ ಒಬ್ರನ್ನ ಕೂರಿಸ್ಕೊಂಡು ಹೋಗಿ ಕೇಳೋದನ್ನ ಮರೀಬೇಡಿ. ನಮ್ಮಮ್ಮ ಸಿಟಿಯಲ್ಲಿ ಘಾಟಿ ಪೂರ್ತಿ ನಿದ್ದೆ ಹೊಡೆದ್ರು. ಆಕ್ಟೇವಿಯಾದಲ್ಲಿ ಮೇಲಿನ ಹಿಡಿ ಬಿಡ್ಲೇ ಇಲ್ಲ.