ವಜ್ರದ ಕಟ್ ನಾನು ನೋಡಿದ್ದು ಹೀಗೆ

ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ಹುಡುಕುತ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಎಷ್ಟು ಕ್ಯಾರೆಟ್ ಅಂತ. ಬಣ್ಣ ಯಾವುದು, ಒಳಗೆ ಚುಕ್ಕೆ ಇದೆಯಾ ಎಂದು ಕೇಳುವವರೂ ಸಿಗುತ್ತಾರೆ. ಕಟ್ ಹೇಗಿದೆ, ಅಂದರೆ ಕಲ್ಲನ್ನು ಯಾವ ಕೋನ, ಅಳತೆಗಳಲ್ಲಿ ಕತ್ತರಿಸಿದ್ದಾರೆ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ನಾನು ಹಟ ಹಿಡಿದದ್ದು ಮಾತ್ರ ಅದೊಂದಕ್ಕೇ. ಬಣ್ಣ, ಕ್ಲಾರಿಟಿ, ತೂಕ, ಈ ಮೂರರಲ್ಲೂ ಒಂದು ಮೆಟ್ಟಿಲು ಇಳಿಯಲು ತಯಾರಿದ್ದೆ. ಕಟ್‌ನಲ್ಲಿ ಇಲ್ಲ.

ವಜ್ರ ತಾನಾಗಿ ಬೆಳಗುವುದಿಲ್ಲ, ಅಲ್ವಾ? ಮೇಲಿಂದ ಒಳಗೆ ಬಂದ ಬೆಳಕನ್ನು ತಿರುಗಿಸಿ ಮತ್ತೆ ಮೇಲಕ್ಕೇ ಕಳಿಸಬೇಕು. ಆ ಕೆಲಸ ಮಾಡುವುದು ಕೆಳಗಿನ ಚೂಪು ಭಾಗ, ಅಂದರೆ ಪೆವಿಲಿಯನ್. ಒಳಗಿನ ಬೆಳಕು ಅಲ್ಲಿನ ಮುಖಗಳಿಗೆ ಸಾಕಷ್ಟು ಓರೆಯಾಗಿ ಬಡಿದರೆ ಪೂರ್ತಿ ವಾಪಸ್ ಬರುತ್ತದೆ. ನೇರಕ್ಕಿಂತ ಸುಮಾರು 24.4 ಡಿಗ್ರಿ ಓರೆ ಇದ್ದರೆ ಸಾಕು. ಅದಕ್ಕಿಂತ ನೇರವಾಗಿ ಬಡಿದರೆ ಕೆಳಗಿಂದ ಸೋರಿಹೋಗುತ್ತದೆ. ಸೋರಿದ ಕಡೆಯೆಲ್ಲ ಕಲ್ಲು ಮಂಕು. ಎಷ್ಟೇ ಬಿಳಿ ಬಣ್ಣದ, ಚುಕ್ಕೆಯಿಲ್ಲದ ವಜ್ರವಾದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಮಗೆ ಬೇಕಿದ್ದದ್ದು ದುಂಡನೆಯ ಬ್ರಿಲಿಯಂಟ್. ಈ ಆಕಾರಕ್ಕೆ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದಾನೆ: ಟೇಬಲ್ (ಮೇಲಿನ ಚಪ್ಪಟೆ ಮುಖ) ಕಲ್ಲಿನ ಅಗಲದ 53 ಪರ್ಸೆಂಟ್, ಕ್ರೌನ್ (ಟೇಬಲ್ ಸುತ್ತ ಇಳಿಜಾರಾಗಿರುವ ಮೇಲ್ಭಾಗ) ಕೋನ 34.5 ಡಿಗ್ರಿ, ಪೆವಿಲಿಯನ್ ಕೋನ 40.75 ಡಿಗ್ರಿ. ಇಂದಿನ ಒಳ್ಳೆಯ ಕಲ್ಲುಗಳಲ್ಲಿ ಟೇಬಲ್ ಸ್ವಲ್ಪ ಅಗಲ ಇರುತ್ತದೆ, ಕೋನಗಳು ಮಾತ್ರ ಅದೇ ಆಸುಪಾಸು.

ಸರ್ಟಿಫಿಕೇಟ್‌ನಲ್ಲಿ ಕಟ್ ‘ಎಕ್ಸಲೆಂಟ್’ ಎಂದಿದ್ದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ನೋಡುವ ಕೆಲಸ ಶುರುವಾಗುವುದೇ ಅಲ್ಲಿಂದ. ವಜ್ರ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಜಿಐಎ ಸಂಸ್ಥೆ ದುಂಡು ವಜ್ರಗಳಿಗೆ ಕಟ್ ಗ್ರೇಡ್ ಕೊಡಲು ಶುರು ಮಾಡಿದ್ದು 2006ರಲ್ಲಿ. ಅದರ ಎಕ್ಸಲೆಂಟ್ ಬಹಳ ಅಗಲವಾದ ಬಾಗಿಲು. ಪೆವಿಲಿಯನ್ 41 ದಾಟಿ, ಕ್ರೌನ್ 36ರ ಹತ್ತಿರ ಇರುವ ಕಲ್ಲೂ ಅದರೊಳಗೆ ನುಗ್ಗಿಬಿಡುತ್ತದೆ. ಎರಡೂ ಕಡಿದಾದರೆ ಟೇಬಲ್ ಅಂಚಿನ ಕೆಳಗೆ ಬಳೆಯಂತೆ ಒಂದು ಮಬ್ಬು ಸುತ್ತು ಕಾಣುತ್ತದೆ. ‘ಟ್ರಿಪಲ್ ಎಕ್ಸಲೆಂಟ್ ಸರ್’ ಎಂದು ಅಂಗಡಿಯವರು ಹೇಳಿದಾಗಲೂ ನಾನು ಸೀದಾ ಹಾಳೆಯಲ್ಲಿದ್ದ ಕಲ್ಲಿನ ಅಡ್ಡನೋಟದ ಚಿತ್ರಕ್ಕೆ ಹೋಗುತ್ತಿದ್ದೆ. ಆ ‘ಟ್ರಿಪಲ್’ನಲ್ಲಿ ಒಂದು ಕಟ್, ಇನ್ನೆರಡು ಪಾಲಿಶ್ ಮತ್ತು ಸಿಮೆಟ್ರಿ. ಅವು ಕೆಲಸದ ನಾಜೂಕು ಹೇಳುತ್ತವೆ, ಕೋನಗಳು ಎಷ್ಟಿವೆ ಎಂದು ಹೇಳುವುದಿಲ್ಲ.

ನಾನು ಇಟ್ಟುಕೊಂಡ ಜರಡಿ ಇದು. ಪೆವಿಲಿಯನ್ 40.6ರಿಂದ 41. ಕ್ರೌನ್ 34ರಿಂದ 35. ಟೇಬಲ್ 54ರಿಂದ 58 ಪರ್ಸೆಂಟ್. ಒಟ್ಟು ಆಳ 60ರಿಂದ 62.5 ಪರ್ಸೆಂಟ್. ಇದರಲ್ಲಿ ಪೆವಿಲಿಯನ್ ವಿಷಯದಲ್ಲಿ ಸಡಿಲ ಬಿಡಲಿಲ್ಲ. ಅಲ್ಲಿ ಅರ್ಧ ಡಿಗ್ರಿ ಅತ್ತಿತ್ತ ಆದರೂ ಕಲ್ಲಿನ ಮುಖ ಬದಲಾಗುತ್ತದೆ, ಕ್ರೌನ್ ಅಷ್ಟು ಮುನಿಸಿಕೊಳ್ಳುವುದಿಲ್ಲ. ಕೋನಗಳನ್ನು ಜೋಡಿಯಾಗಿಯೇ ನೋಡಬೇಕು: ಪೆವಿಲಿಯನ್ 41 ಇದ್ದರೆ ಕ್ರೌನ್ 34, ಪೆವಿಲಿಯನ್ 40.6 ಇದ್ದರೆ ಕ್ರೌನ್ 35. ಒಂದು ಏರಿದರೆ ಇನ್ನೊಂದು ಇಳಿಯಬೇಕು.

ಆದರೆ ಈ ಅಂಕಿಗಳನ್ನೇ ದೇವರು ಮಾಡಿಕೊಳ್ಳಬಾರದು. ಜಿಐಎ ಕಲ್ಲಿನ ಸುತ್ತಲೂ ಅಳೆದು ಸರಾಸರಿ ತೆಗೆಯುತ್ತದೆ. ಆಮೇಲೆ ಕ್ರೌನ್ ಕೋನವನ್ನು ಅರ್ಧ ಡಿಗ್ರಿಗೂ ಪೆವಿಲಿಯನ್ ಕೋನವನ್ನು 0.2 ಡಿಗ್ರಿಗೂ ದುಂಡಾಗಿಸಿ ಬರೆಯುತ್ತದೆ. ಹಾಳೆಯ ಮೇಲೆ ಅವಳಿ ಮಕ್ಕಳಂತಿದ್ದ ಎರಡು ಕಲ್ಲು ಕೈಗೆ ಬಂದಾಗ ಬೇರೆ ಬೇರೆಯಾಗಿಯೇ ಕಂಡವು. ಹಾಳೆ ಬೇಡದ್ದನ್ನು ಕಳೆಯಲು ಸಾಕು, ಬೇಕಾದದ್ದನ್ನು ಆರಿಸಲು ಸಾಲದು.

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಗಾಜಿನ ಚೂರೂ ಮಿಂಚುತ್ತದೆ. ಅದಕ್ಕೇ ಕಲ್ಲನ್ನು ಕಿಟಕಿ ಹತ್ತಿರ ಒಯ್ದು, ಬಿಸಿಲಿಗೆ ಬೆನ್ನು ಹಾಕಿ, ನನ್ನದೇ ನೆರಳಿನಲ್ಲಿ ಹಿಡಿದು ನೋಡುತ್ತಿದ್ದೆ. ಆಮೇಲೆ ಮೇಜಿನ ಕೆಳಗೆ, ಮಂದ ಬೆಳಕಿನಲ್ಲಿ. ಒಳ್ಳೆ ಕಟ್ ಇದ್ದರೆ ಅಲ್ಲೂ ಅಂಚಿನವರೆಗೆ ಬೆಳ್ಳಗೆ ಕಾಣುತ್ತದೆ. ಕಳಪೆಯಾದರೆ ನಡುವೆ ಅಥವಾ ಅಂಚಿನಲ್ಲಿ ಬೂದು ಬಣ್ಣ ಕೂತುಬಿಡುತ್ತದೆ. ಮೆಲ್ಲಗೆ ಅಲುಗಾಡಿಸಿದಾಗ ಕಪ್ಪು ಬಿಳುಪು ಜಾಗ ಬದಲಾಯಿಸುತ್ತಿರಬೇಕು. ಕಪ್ಪು ಒಂದೇ ಕಡೆ ಅಂಟಿಕೊಂಡಿದ್ದರೆ ಆ ಕಲ್ಲು ಬೇಡ. ಕಣ್ಣಿಗೆ ತೀರಾ ಹತ್ತಿರ ತಂದರೆ ಮಾತ್ರ ನಮ್ಮ ತಲೆಯೇ ಬೆಳಕಿಗೆ ಅಡ್ಡ ಬಂದು ಒಳ್ಳೆ ಕಲ್ಲೂ ಕಪ್ಪಾಗುತ್ತದೆ. ಹಾಗಾಗಿ ಒಂದಡಿ ದೂರ ಇರಲಿ.

ಕೊನೆಗೆ ಉಳಿದ ಎರಡನ್ನು ಐಡಿಯಲ್‌ಸ್ಕೋಪ್‌ನಲ್ಲಿ ನೋಡಿದೆವು. ಒಳಗೆ ಕೆಂಪು ಬಣ್ಣ, ತುದಿಗೆ ಲೆನ್ಸ್ ಇರುವ ಸಣ್ಣ ಕೊಳವೆ ಅದು. ಕಲ್ಲನ್ನು ಕೆಳಗಿಂದ ಬೆಳಕು ಬರುವ ತಟ್ಟೆಯ ಮೇಲಿಟ್ಟು ಕೊಳವೆಯೊಳಗಿಂದ ನೋಡಬೇಕು. ಕೆಂಪಾಗಿ ಕಂಡಲ್ಲಿ ಬೆಳಕು ವಾಪಸ್ ಬರುತ್ತಿದೆ, ಬಿಳಿಯಾಗಿ ಕಂಡಲ್ಲಿ ಸೋರುತ್ತಿದೆ, ಕಪ್ಪಾಗಿ ಕಂಡದ್ದು ನೋಡುವವರದೇ ನೆರಳು. ಮೊದಲನೆಯದರಲ್ಲಿ ಟೇಬಲ್ ಕೆಳಗೆ ತಿಳಿ ಗುಲಾಬಿ ಸುತ್ತು. ಎರಡನೆಯದು ಪೂರ್ತಿ ಕೆಂಪು, ನಡುವಿಂದ ಎಂಟು ಕಪ್ಪು ಬಾಣಗಳು ಒಂದೇ ಅಳತೆಯಲ್ಲಿ. ನೋಡುತ್ತಿದ್ದಂತೆ ‘ಇದೇ ಇರಲಿ ಕಣೋ’ ಅಂದಳು ನನ್ನವಳು. ಅವಳಿಗೆ ಕೋನಗಳ ಲೆಕ್ಕ ಏನೂ ಹೇಳಿರಲಿಲ್ಲ.

ಅದು ತೂಕದಲ್ಲಿ ಒಂದು ಕ್ಯಾರೆಟ್‌ಗೆ ಸ್ವಲ್ಪ ಕಡಿಮೆ. ಆದರೆ ಮೇಲಿಂದ ಕಾಣುವ ಅಗಲ ಮುಖ್ಯ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್ ದುಂಡು ಕಲ್ಲು ಸುಮಾರು 6.4, 6.5 ಮಿಲಿಮೀಟರ್ ಇರುತ್ತದೆ. ಗರ್ಡಲ್ (ಕ್ರೌನ್, ಪೆವಿಲಿಯನ್ ಸೇರುವಲ್ಲಿನ ಸುತ್ತಂಚು) ದಪ್ಪ ಬಿಟ್ಟು, ತಳ ಆಳ ಬಿಟ್ಟು ಕತ್ತರಿಸಿದ್ದರೆ ಅಷ್ಟೇ ತೂಕಕ್ಕೆ ಅಗಲ ಕಡಿಮೆ. ಕಾಣದ ತೂಕಕ್ಕೆ ಸುಮ್ನೆ ದುಡ್ಡು ಯಾಕೆ?

ಓವಲ್, ಪೇರ್ ಆಕಾರ ಬೇಕೆನ್ನುವವರಿಗೆ ಈ ಅಂಕಿಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಡುವೆ ಅಡ್ಡಕ್ಕೆ ಬೋ ಟೈ ಥರದ ಕಪ್ಪು ನೆರಳು ಎಷ್ಟು ದಟ್ಟವಾಗಿದೆ ಎಂದು ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ಲ್ಯಾಬ್‌ನಲ್ಲಿ ಬೆಳೆಸಿದ ದುಂಡು ವಜ್ರಕ್ಕಾದರೆ ಮೇಲಿನದ್ದೆಲ್ಲ ಹಾಗೇ ಅನ್ವಯ, ಕೋನದ ಲೆಕ್ಕ ಎರಡಕ್ಕೂ ಒಂದೇ.

ಕಲ್ಲು ಕೂರಿಸುವ ಮೊದಲು ಗರ್ಡಲ್ ಮೇಲೆ ಲೇಸರ್‌ನಲ್ಲಿ ಬರೆದ ನಂಬರನ್ನು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಸರ್ಟಿಫಿಕೇಟ್ ಜೊತೆ ತಾಳೆ ನೋಡಿದೆ. ಆ ನಂಬರ್ ಕೊಕ್ಕೆಯ ಕೆಳಗೆ ಮುಚ್ಚಿಹೋಗದಂತೆ ಕೂರಿಸಿ ಎಂದು ಕೇಳಿಕೊಂಡೆ, ಹಾಗೇ ಮಾಡಿಕೊಟ್ಟರು. ಇನ್ನೊಂದು ವಿಷಯ: ವಜ್ರಕ್ಕೆ ಎಣ್ಣೆ ಜಿಡ್ಡು ಬೇಗ ಅಂಟುತ್ತದೆ. ಪೆವಿಲಿಯನ್‌ಗೆ ಜಿಡ್ಡು ಹತ್ತಿದರೆ ಅಲ್ಲಿಂದಲೂ ಬೆಳಕು ಸೋರುತ್ತದೆ, ಆಗ ಎಂಥ ಕಟ್ ಇದ್ದರೂ ಮಂಕು. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್‌ನಿಂದ ಕಲ್ಲಿನ ಹಿಂಬದಿಯನ್ನು ತಿಕ್ಕುತ್ತೇವೆ. ಸಿಂಕ್‌ನ ತೂತು ಮುಚ್ಚಿಕೊಂಡೇ.