ಮನೆಕೂಟದಲ್ಲಿ ಆದಿಕಾಂಡ 35: ಯಾಕೋಬನ ಜೊತೆ ಮತ್ತೆ ಬೇತೇಲಿಗೆ

ಮನೆಯಲ್ಲಿ ಸೇರಿ ಬೈಬಲ್ ಓದುವ ನಮ್ಮ ಮನೆಕೂಟದಲ್ಲಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಈ ಅಧ್ಯಾಯ ಓದುವಾಗ ನಾನು ಮೊದಲು 28ನೇ ಅಧ್ಯಾಯದ ಕೊನೆಯ ಭಾಗ ಓದಿಸುತ್ತೇನೆ. ಅಣ್ಣ ಏಸಾವನಿಗೆ ಹೆದರಿ ಓಡುತ್ತಿದ್ದ ಯಾಕೋಬ, ತಲೆಗಿಟ್ಟುಕೊಂಡಿದ್ದ ಕಲ್ಲನ್ನೇ ನಿಲ್ಲಿಸಿ ಎಣ್ಣೆ ಹೊಯ್ದದ್ದು ಬೇತೇಲಿನಲ್ಲಿ. ಉಣ್ಣಲು, ಉಡಲು ಕೊಟ್ಟು ಕ್ಷೇಮವಾಗಿ ಮನೆ ಮುಟ್ಟಿಸಿದರೆ ಯೆಹೋವನೇ ನನ್ನ ದೇವರು ಎಂದು ಅಲ್ಲೇ ಹರಕೆ ಹೊತ್ತ. ಈ ಹರಕೆ ಗೊತ್ತಿಲ್ಲದಿದ್ದರೆ 35 ಬರೀ ಪ್ರಯಾಣದ ವಿವರ ಆಗಿಬಿಡುತ್ತದೆ.

ಆಮೇಲೆ ಬೈಬಲಿನ ಕೊನೆಯಲ್ಲಿ ನಕ್ಷೆ ಇದ್ದರೆ ತೆರೆಯಿರಿ. ಶೆಕೆಮ್ ಎಂಬ ಊರಿನಿಂದ ದಕ್ಷಿಣಕ್ಕೆ ಬೇತೇಲ್ 30 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೆಣ್ಣು ಕೊಟ್ಟ ಮಾವ ಲಾಬಾನನ ಹತ್ತಿರ 20 ವರ್ಷ ದುಡಿದು ಅಷ್ಟು ದೂರದಿಂದ ಬಂದವನು ಶೆಕೆಮಿನಲ್ಲಿ ಜಮೀನು ಕೊಂಡು ನಿಂತುಬಿಟ್ಟ. ಯಾಕೆ? ಪ್ರಶ್ನೆ ಕೇಳಿ ಸುಮ್ನೆ ಇರಿ. ಉತ್ತರ ಕೂತವರಿಂದಲೇ ಬರಲಿ.

34ನೇ ಅಧ್ಯಾಯವನ್ನು ದಾಟಿಸಬೇಡಿ. ಮಕ್ಕಳಿದ್ದರೆ ಪೂರ್ತಿ ಓದುವುದು ಕಷ್ಟ, ಒಪ್ಪುತ್ತೇನೆ. ಯಾಕೋಬನ ಮಗಳು ದೀನಳಿಗೆ ಶೆಕೆಮಿನಲ್ಲಿ ಅನ್ಯಾಯವಾಯಿತು, ಅವಳ ಅಣ್ಣಂದಿರು ಆ ಊರಿನ ಗಂಡಸರನ್ನೆಲ್ಲ ಕೊಂದರು ಎಂದು ದೊಡ್ಡವರೊಬ್ಬರು ಹೇಳಿದರೆ ಸಾಕು. ಇಷ್ಟೆಲ್ಲ ಆದ ಮೇಲೇ ದೇವರು ಯಾಕೋಬನಿಗೆ ಬೇತೇಲಿಗೆ ಹೋಗು ಅನ್ನುವುದು.

35ರ 2ರಿಂದ 4ನೇ ವಚನಕ್ಕೆ ಜಾಸ್ತಿ ಸಮಯ ಕೊಡಿ. ಇಡೀ ಕೂಟದ ಜೀವ ಇಲ್ಲಿದೆ. ಹೊರಡುವ ಮುಂಚೆ ಯಾಕೋಬ ಮನೆಯವರಿಗೆ ಹೇಳುತ್ತಾನೆ: ನಿಮ್ಮ ಹತ್ತಿರ ಇರುವ ಅನ್ಯದೇವರುಗಳನ್ನು ತೆಗೆದುಹಾಕಿ, ಶುದ್ಧರಾಗಿ, ಬಟ್ಟೆ ಬದಲಿಸಿ. ಅಂದರೆ ಅವು ಗುಡಾರದೊಳಗೇ ಇದ್ದವು, ಅಲ್ವಾ? ಯಾಕೋಬನ ಹೆಂಡತಿ ರಾಹೇಲಳು ತನ್ನ ತಂದೆ ಲಾಬಾನನ ವಿಗ್ರಹಗಳನ್ನು ಒಂಟೆಯ ತಡಿಯಲ್ಲಿ ಬಚ್ಚಿಟ್ಟು ಮೇಲೆ ಕೂತ ಕಥೆಯನ್ನು (31:34) ಇಲ್ಲಿ ನೆನಪಿಸಿ. ಮನೆಯವರು ಕಿವಿಯ ಓಲೆಗಳನ್ನೂ ಬಿಚ್ಚಿಕೊಟ್ಟರು. ಯಾಕೋಬ ಎಲ್ಲವನ್ನೂ ಶೆಕೆಮಿನ ಮರದ ಬುಡದಲ್ಲಿ ಹೂತುಬಿಟ್ಟ. ಇಷ್ಟು ಓದಿ ಎರಡು ನಿಮಿಷ ಮೌನವಾಗಿರಿ. ಯಾರು ಏನನ್ನು ಬಿಡಬೇಕು ಎಂದು ಬಾಯಿಬಿಟ್ಟು ಹೇಳಿಸಬೇಡಿ. ಅದು ಅವರವರಿಗೂ ದೇವರಿಗೂ ಬಿಟ್ಟದ್ದು.

8ನೇ ವಚನದಲ್ಲಿ ಯಾಕೋಬನ ತಾಯಿ ರೆಬೆಕ್ಕಳ ದಾದಿ ದೆಬೋರ ಸಾಯುತ್ತಾಳೆ. ದೇವರು ಕರೆದ ಜಾಗಕ್ಕೇ ಬಂದರೂ ಅಲ್ಲಿ ಒಂದು ಸಮಾಧಿ ತೋಡಬೇಕಾಯಿತು. ಮನೆಯ ಹಿರಿಯರನ್ನು ಕಳಕೊಂಡವರು ಕೂಟದಲ್ಲಿದ್ದರೆ ಅವರಿಗಾಗಿ ಪ್ರಾರ್ಥಿಸಿ.

14ನೇ ವಚನವನ್ನು 28:18ರ ಜೊತೆಗೆ ಇಬ್ಬರಿಂದ ಓದಿಸಿ. ಮತ್ತೆ ಕಲ್ಲು, ಮತ್ತೆ ಎಣ್ಣೆ. ಆದರೆ ಅಂದು ಒಂಟಿಯಾಗಿದ್ದವನ ಜೊತೆ ಈಗ ಇಡೀ ಸಂಸಾರವಿದೆ. 16ನೇ ವಚನದಿಂದ ರಾಹೇಲಳ ಸಾವು ಶುರುವಾಗುತ್ತದೆ. ಅದನ್ನು ಅದೇ ಸಂಜೆ ತುರುಕಬೇಡಿ, ಮುಂದಿನ ವಾರಕ್ಕಿಡಿ.